ನೆಲದೊಳಗಿನ ಗುಡುಗು

ಭೂಮಿಗೆ ನಮ್ಮ ಹಿರಿಯರು 'ಅಚಲೆ' ಎಂದೂ ಒಂದು ಹೆಸರಿಟ್ಟಿದ್ದಾರೆ. ಅಚಲೆ ಎಂದರೆ ಅಲುಗಾಡದವಳು. ಮನೆಗೆ ತಳಪಾಯ ಹಾಕುವಾಗ, ಬಾವಿ ತೋಡುವಾಗ, ಬೀಜ ಬಿತ್ತುವಾಗ ನಾವೆಲ್ಲರೂ ನಂಬಿ ನಡೆಯುವುದು ಈ ಅಚಲತೆಯನ್ನೇ. ಮಳೆ ಬಾರದೆ ಹೋದೀತು, ಹೊಳೆ ತುಂಬಿ ಊರಿಗೆ ನುಗ್ಗೀತು. ಆದರೆ ಕಾಲ ಕೆಳಗಿನ ನೆಲ ಮಾತ್ರ ಇದ್ದಲ್ಲಿಯೇ ಇರುತ್ತದೆ ಎಂಬ ಧೈರ್ಯ ನಮಗುಂಟು. ಆ ನೆಲವೇ ನಡುಗತೊಡಗಿದರೆ? ಒಂದು ದಿನವಲ್ಲ, ವಾರಗಟ್ಟಲೆ, ಮತ್ತೆ ಮತ್ತೆ ನಡುಗಿದರೆ?

ಇದು ಬರೀ ಕಲ್ಪನೆಯ ಮಾತಲ್ಲ. ನಮ್ಮ ಧನ್ವಾಡದಿಂದ ಬಹಳ ದೂರದ ಮಾತೂ ಅಲ್ಲ. ನಾರಾಯಣಪೇಟೆಯಿಂದ ಗುರುಮಠಕಲ್, ಸೇಡಂ ದಾಟಿ ಉತ್ತರಕ್ಕೆ ಹೋದರೆ ಕಲಬುರಗಿ ಜಿಲ್ಲೆಯ ಚಿಂಚೋಳಿಯ ಸೀಮೆ ಬರುತ್ತದೆ. ಅಲ್ಲಿ ಗಡಿಕೇಶ್ವಾರ ಎಂಬ ಊರಿದೆ. ನೇರ ಗೆರೆಯಲ್ಲಿ ಅಳೆದರೆ ನಮ್ಮಿಂದ ನೂರು ಕಿಲೋಮೀಟರು ಆಗುವುದಿಲ್ಲ. ಅಲ್ಲಿಯ ಜನ ಕೆಲವು ವರ್ಷಗಳಿಂದ ನೆಲದೊಳಗಿನಿಂದ ಗುಡುಗಿನಂಥ ಸದ್ದು ಕೇಳುತ್ತಿದ್ದರು. 2021ರ ಅಕ್ಟೋಬರಿನಲ್ಲಿ ಆ ಸದ್ದಿನ ಜೊತೆಗೆ ನಡುಕವೂ ಹೆಚ್ಚಿತು. ಅದೇ ತಿಂಗಳ 11ರ ರಾತ್ರಿ, ಹತ್ತು ಗಂಟೆಗೆ ಸ್ವಲ್ಪ ಮುಂಚೆ, 4.1 ಪ್ರಮಾಣದ ಕಂಪನವಾಯಿತು. ಜನ ಮನೆಗಳನ್ನು ಬಿಟ್ಟು ಬಯಲಿನಲ್ಲಿ ಮಲಗಿದರು. ಅನೇಕರು ಗಂಟುಮೂಟೆ ಕಟ್ಟಿಕೊಂಡು ನೆಂಟರ ಊರುಗಳಿಗೆ ಹೋದರು. ಅದೇ ವರ್ಷ ಸೆಪ್ಟೆಂಬರ್ 4ರ ನಡುರಾತ್ರಿಯ ಹೊತ್ತಿಗೆ ವಿಜಯಪುರದ ಕಡೆಯಲ್ಲಿಯೂ 3.9 ಪ್ರಮಾಣದ ಕಂಪನವಾಗಿ ಜನ ಬೀದಿಗೆ ಬಂದಿದ್ದರು.

ಇಂಥ ಸಮಯದಲ್ಲಿ ಊರಿನ ಕಟ್ಟೆಯ ಮೇಲೆ ಮೂರು ಬಗೆಯ ಮಾತು ಕೇಳಿಬರುತ್ತದೆ. ಮೊದಲನೆಯದು, "ಇದು ದೊಡ್ಡ ಭೂಕಂಪಕ್ಕೆ ಮುನ್ಸೂಚನೆ, ಊರು ಬಿಡುವುದೇ ಮೇಲು" ಎಂಬುದು. ಎರಡನೆಯದು, "ಸಣ್ಣ ಸಣ್ಣದಾಗಿ ಬರುತ್ತಿರುವುದು ಒಳ್ಳೆಯದೇ ಆಯಿತು, ಒಳಗಿನ ಶಕ್ತಿ ಸೋರಿಹೋಗುತ್ತದೆ, ಇನ್ನು ದೊಡ್ಡದು ಬಾರದು" ಎಂಬುದು. ಮೂರನೆಯದು, "ನಮ್ಮ ಕೈಯಲ್ಲೇನಿದೆ, ಎಲ್ಲಾ ದೈವೇಚ್ಛೆ" ಎಂಬುದು. ಈ ಮೂರು ಮಾತುಗಳಲ್ಲಿ ಎಷ್ಟು ಹುರುಳಿದೆ ಎಂಬುದನ್ನು ವಿಜ್ಞಾನದ ಬೆಳಕಿನಲ್ಲಿ ನೋಡುವುದೇ ಈ ಲೇಖನದ ಉದ್ದೇಶ.

ನೆಲ ಏಕೆ ನಡುಗುತ್ತದೆ?

ಭೂಮಿಯ ಹೊರಚಿಪ್ಪು ಒಂದೇ ಅಖಂಡ ತುಂಡಲ್ಲ. ಅದು ಹಲವು ದೊಡ್ಡ ಫಲಕಗಳಾಗಿ ಒಡೆದಿದೆ. ನಮ್ಮ ಭಾರತವನ್ನು ಹೊತ್ತ ಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ಉತ್ತರದ ಕಡೆಗೆ ಸರಿಯುತ್ತಾ ಏಷ್ಯಾದ ಫಲಕವನ್ನು ಒತ್ತುತ್ತಿದೆ. ಆ ಒತ್ತಡದಿಂದಲೇ ಹಿಮಾಲಯ ಎದ್ದು ನಿಂತಿದೆ. ಅಲ್ಲಿ ದೊಡ್ಡ ಭೂಕಂಪಗಳಾಗುವುದಕ್ಕೂ ಅದೇ ಕಾರಣ. ಆದರೆ ಈ ಒತ್ತಡ ಹಿಮಾಲಯದಲ್ಲಿಯೇ ನಿಲ್ಲುವುದಿಲ್ಲ. ಇಡೀ ಫಲಕವೇ ಅದನ್ನು ಹೊತ್ತಿದೆ. ಒಂದು ಹಲಗೆಯ ತುದಿಯನ್ನು ಗೋಡೆಗೆ ಒತ್ತಿ ಹಿಡಿದರೆ ಅದರ ನಡುಭಾಗವೂ ಬಿಗಿಯುವುದಿಲ್ಲವೇ? ಹಾಗೆಯೇ.

ನಮ್ಮ ದಖ್ಖನ್ ನೆಲದ ಶಿಲೆ ಬಹಳ ಹಳೆಯದು, ಬಹಳ ಗಟ್ಟಿ. ಧನ್ವಾಡ, ಮಕ್ತಲ್, ಗದ್ವಾಲಗಳ ಸುತ್ತ ಕಾಣುವ ಗುಂಡುಗಲ್ಲಿನ ಗುಡ್ಡಗಳು ಇನ್ನೂರು ಕೋಟಿ ವರ್ಷಗಳಿಗಿಂತಲೂ ಹಿಂದಿನ ಗ್ರಾನೈಟು. ಇಷ್ಟು ಹಳೆಯ ಶಿಲೆಯಲ್ಲಿ ಹಿಂದೆಂದೋ ಬಿದ್ದ ಬಿರುಕುಗಳು ಇದ್ದೇ ಇರುತ್ತವೆ. ಶಿಲೆಯು ಬಿರುಕಿನ ಎರಡೂ ಕಡೆ ಸರಿದಿದ್ದರೆ ಅದನ್ನು ಸ್ತರಭಂಗ ಎನ್ನುತ್ತೇವೆ. ಒತ್ತಡ ಹೆಚ್ಚುತ್ತಾ ಹೋಗಿ, ಬಿರುಕಿನ ಎರಡು ಮುಖಗಳನ್ನು ಹಿಡಿದಿಟ್ಟ ಘರ್ಷಣೆಯನ್ನು ಮೀರಿದಾಗ ಶಿಲೆ ಥಟ್ಟನೆ ಜಾರುತ್ತದೆ. ಆ ಜಾರುವಿಕೆಯಿಂದ ಹೊರಟ ಅಲೆಗಳೇ ಭೂಕಂಪ.

ಒಂದೊಂದಾಗಿ ಹರಿಯುವ ಎಳೆಗಳು

ಸಾಮಾನ್ಯವಾಗಿ ಭೂಕಂಪವೆಂದರೆ ಒಂದು ದೊಡ್ಡ ಹೊಡೆತ. ಅದರ ಬೆನ್ನಿಗೆ ಕ್ರಮವಾಗಿ ಕಡಿಮೆಯಾಗುತ್ತಾ ಹೋಗುವ ಸಣ್ಣ ಕಂಪನಗಳು. ಆದರೆ ಕೆಲವು ಕಡೆ ಹಾಗಾಗುವುದಿಲ್ಲ. ಹೆಚ್ಚುಕಡಿಮೆ ಒಂದೇ ಗಾತ್ರದ ಸಣ್ಣ ಕಂಪನಗಳು ಹತ್ತಾರು, ನೂರಾರು, ಕೆಲವೊಮ್ಮೆ ಸಾವಿರಾರು ಬರುತ್ತವೆ. ಇದೇ ಮುಖ್ಯವಾದದ್ದು, ಉಳಿದದ್ದೆಲ್ಲ ಇದರ ಹಿಂಬಾಲಕ ಎಂದು ಹೇಳುವಂತಿರುವುದಿಲ್ಲ. ಜೇನುನೊಣಗಳ ಹಿಂಡಿನಂತೆ ಬರುವ ಇವುಗಳನ್ನು ಕಂಪನಗಳ ಹಿಂಡು ಎಂದು ಕರೆಯಬಹುದು.

ಈ ಭೇದವನ್ನು ತಿಳಿಯಲು ನಾರಾಯಣಪೇಟೆಯ ಮಗ್ಗವನ್ನು ನೆನೆಯಿರಿ. ಸೀರೆಯ ಹಾಸಿಗೆ ಹೂಡಿದ ಎಳೆಗಳನ್ನು ಬಿಗಿಯಾಗಿ ಎಳೆದಿದೆ ಎಂದುಕೊಳ್ಳಿ. ನೂಲು ಒಂದೇ ಸಮನಾಗಿರದೆ, ಒಂದು ಎಳೆ ಇಲ್ಲಿ ಸಡಿಲ, ಇನ್ನೊಂದು ಅಲ್ಲಿ ಕಚ್ಚಾ ಎನ್ನುವಂತಿದ್ದರೆ ಏನಾಗುತ್ತದೆ? ಇಲ್ಲೊಂದು ಎಳೆ ಹರಿಯುತ್ತದೆ, ಸ್ವಲ್ಪ ಹೊತ್ತಿಗೆ ಅಲ್ಲೊಂದು. ಅದೇ ಎಳೆತವನ್ನು ಒಂದೇ ದಪ್ಪ ಹಗ್ಗ ಹೊತ್ತಿದ್ದರೆ ಬಹಳ ಹೊತ್ತು ಏನೂ ಆಗದೆ, ಕೊನೆಗೊಮ್ಮೆ ಫಟ್ಟೆಂದು ಕಿತ್ತುಹೋಗುತ್ತದೆ. ಶಿಲೆಯೂ ಹೀಗೆಯೇ. ಚೂರುಚೂರಾಗಿ ಬಿರಿದ ಶಿಲೆಯಲ್ಲಿ ಕಂಪನಗಳು ಹಿಂಡಾಗಿ ಬರುತ್ತವೆ, ಏಕಾಂಗವಾದ ಶಿಲೆಯಲ್ಲಿ ಒಂದೇ ಹೊಡೆತವಾಗಿ ಬರುತ್ತದೆ. ಜಪಾನಿನ ವಿಜ್ಞಾನಿ ಕಿಯೂ ಮೋಗಿ ಅವರು 1960ರ ದಶಕದಲ್ಲಿ ಪ್ರಯೋಗಶಾಲೆಯಲ್ಲಿ ಶಿಲೆಗಳನ್ನು ಮುರಿದು ನೋಡಿ ಈ ವಿಷಯವನ್ನು ವಿವರಿಸಿದರು. ಅವರ ದೇಶದ ಮಾತ್ಸುಶಿರೋ ಎಂಬಲ್ಲಿ 1965ರಿಂದ ಮುಂದಿನ ಎರಡು ವರ್ಷಗಳಲ್ಲಿ ಜನರ ಅನುಭವಕ್ಕೆ ಬಂದ ಕಂಪನಗಳೇ 60 ಸಾವಿರಕ್ಕೂ ಹೆಚ್ಚು!

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದಕ್ಷಿಣದಲ್ಲಿ, ಸಮುದ್ರಮಟ್ಟಕ್ಕಿಂತ ತಗ್ಗಾದ ಒಂದು ಮರುಭೂಮಿಯಿದೆ. ಅಲ್ಲಿ ಸಾಲ್ಟನ್ ಸೀ ಎಂಬ ಉಪ್ಪುನೀರಿನ ಸರೋವರವಿದೆ. ಅದರ ಬಳಿಯ ಬ್ರಾಲಿ ಎಂಬ ಪ್ರದೇಶವು ಎರಡು ದೊಡ್ಡ ಸ್ತರಭಂಗಗಳನ್ನು ಕೂಡಿಸುವ ಸಂದಿಯಂತಿದೆ. ನೆಲ ಎರಡು ಕಡೆಗೆ ಎಳೆಯಲ್ಪಡುವುದರಿಂದ ಅಲ್ಲಿಯ ಶಿಲೆ ಬಿರಿದು, ಬಿಸಿನೀರು ಒಳಗೆ ಸೇರಿಕೊಂಡಿದೆ. ಹೀಗಾಗಿ ಕಂಪನಗಳ ಹಿಂಡು ಅಲ್ಲಿ ಮತ್ತೆ ಮತ್ತೆ ಬರುತ್ತದೆ. 2012ರ ಆಗಸ್ಟಿನಲ್ಲಿ ಬಂದ ಹಿಂಡಿನಲ್ಲಿ ದೊಡ್ಡದು ಸುಮಾರು 5.4 ಪ್ರಮಾಣದ್ದಾಗಿತ್ತು. ಈ ಮರುಭೂಮಿಯ ಇನ್ನೊಂದು ಹಿಂಡಿನ ವಿಷಯಕ್ಕೆ ಮುಂದೆ ಬರೋಣ.

ನೀರಿಗೂ ಕಂಪನಕ್ಕೂ ಏನು ಸಂಬಂಧ?

ಮರುಭೂಮಿಯಲ್ಲಿ ಬಿಸಿನೀರು ಎಂದೆವು. ನಮ್ಮ ಸೀಮೆಯಲ್ಲಿ ಮಳೆಯ ನೀರು. ಗಡಿಕೇಶ್ವಾರದ ನೆಲ ಸುಣ್ಣಕಲ್ಲಿನದು. ನಮ್ಮ ಮನೆಗಳಿಗೆ ಹಾಸುವ ಶಹಾಬಾದಿನ ಮತ್ತು ತಾಂಡೂರಿನ ಪರ್ಸಿ ಕಲ್ಲಿನ ಬಳಗಕ್ಕೇ ಅದು ಸೇರಿದ್ದು. ಸುಣ್ಣಕಲ್ಲನ್ನು ನೀರು ನಿಧಾನವಾಗಿ ಕರಗಿಸಿ ಸಂದು, ಪೊಟರೆಗಳನ್ನು ಮಾಡುತ್ತದೆ. ಜೋರು ಮಳೆಗಾಲದ ನಂತರ ನೀರು ಈ ಸಂದುಗಳಲ್ಲಿ ಇಳಿದು ಆಳದ ಬಿರುಕುಗಳಲ್ಲಿ ಒತ್ತಡವನ್ನು ಹೆಚ್ಚಿಸುತ್ತದೆ. ಅಲ್ಲಿಯ ಸದ್ದು ಮತ್ತು ಸಣ್ಣ ಕಂಪನಗಳಿಗೆ ಇದೂ ಒಂದು ಕಾರಣವಿರಬಹುದು ಎಂಬುದು ಭೂವಿಜ್ಞಾನಿಗಳ ವಿವರಣೆ.

ನೀರು ಇದನ್ನು ಹೇಗೆ ಮಾಡುತ್ತದೆ? ಒಲೆಯಿಂದ ಇಳಿಸಿದ ಬಿಸಿ ಪಾತ್ರೆಯನ್ನು ಒದ್ದೆಯಾದ ನುಣುಪು ಕಟ್ಟೆಯ ಮೇಲಿಟ್ಟಾಗ ಅದು ತಾನಾಗಿ ಜಾರುವುದನ್ನು ನೀವು ಅಡುಗೆಮನೆಯಲ್ಲಿ ನೋಡಿರಬಹುದು. ಪಾತ್ರೆಯ ಭಾರ ಕಡಿಮೆಯಾಗಿಲ್ಲ. ಅದರ ತಳದಲ್ಲಿ ಸಿಕ್ಕಿಬಿದ್ದ ಗಾಳಿ ಮತ್ತು ಹಬೆ ಹಿಗ್ಗಿ ಭಾರದ ಒಂದು ಪಾಲನ್ನು ಹೊತ್ತುಕೊಂಡಿವೆ, ಆದ್ದರಿಂದ ತಳದ ಹಿಡಿತ ತಪ್ಪಿದೆ. ಬಿರುಕಿನೊಳಗಿನ ನೀರೂ ಹೀಗೆಯೇ ಎರಡು ಮುಖಗಳನ್ನು ಒಂದಕ್ಕೊಂದು ಒತ್ತಿಹಿಡಿದ ಭಾರದ ಪಾಲನ್ನು ತಾನು ಹೊರುತ್ತದೆ. ಹಿಡಿತ ಸಡಿಲವಾಗುತ್ತದೆ, ಶಿಲೆ ಜಾರುತ್ತದೆ. ಎಂದರೆ ನೀರು ಭೂಕಂಪವನ್ನು ಹುಟ್ಟಿಸುವುದಿಲ್ಲ. ಮೊದಲೇ ಬಿಗಿದು ನಿಂತದ್ದನ್ನು ಬಿಡಿಸುತ್ತದೆ, ಅಷ್ಟೆ.

ಇದಕ್ಕೆ ಸಾಕ್ಷಿಯುಂಟು. ಅಮೆರಿಕದ ಡೆನ್ವರ್ ನಗರದ ಬಳಿ 1962ರಲ್ಲಿ ಕಾರ್ಖಾನೆಯ ಕೊಳೆನೀರನ್ನು ಸುಮಾರು ಮೂರೂವರೆ ಕಿಲೋಮೀಟರಿಗೂ ಹೆಚ್ಚು ಆಳದ ಕೊಳವೆಬಾವಿಗೆ ಒತ್ತಡದಿಂದ ಇಳಿಸಲು ಆರಂಭಿಸಿದರು. ಕೆಲವೇ ವಾರಗಳಲ್ಲಿ ಅಲ್ಲಿ ಸಣ್ಣ ಕಂಪನಗಳು ಶುರುವಾದವು. 1966ರಲ್ಲಿ ನೀರಿಳಿಸುವುದನ್ನು ನಿಲ್ಲಿಸಿದರೂ ಕಂಪನಗಳು ಕೂಡಲೇ ನಿಲ್ಲಲಿಲ್ಲ. ನಮ್ಮ ದೇಶದಲ್ಲಿ ಮಹಾರಾಷ್ಟ್ರದ ಕೊಯ್ನಾ ಪ್ರಸಿದ್ಧ ಉದಾಹರಣೆ. ನೂರು ಮೀಟರಿಗೂ ಎತ್ತರದ ಆ ಅಣೆಕಟ್ಟಿನಲ್ಲಿ 1962ರಿಂದ ನೀರು ತುಂಬತೊಡಗಿದಂತೆ ಸಣ್ಣ ಕಂಪನಗಳು ಕಾಣಿಸಿಕೊಂಡವು. 1967ರ ಡಿಸೆಂಬರ್ 11ರಂದು 6.3 ಪ್ರಮಾಣದ ಭೂಕಂಪವಾಗಿ ಸುಮಾರು 180 ಜನ ಸತ್ತರು. ಹಾಗೆಂದು ಪ್ರತಿಯೊಂದು ಅಣೆಕಟ್ಟೂ ಭೂಕಂಪಕ್ಕೆ ಕಾರಣವೆಂದು ತಿಳಿಯಬಾರದು. ಜಗತ್ತಿನ ಸಾವಿರಾರು ದೊಡ್ಡ ಜಲಾಶಯಗಳಲ್ಲಿ ಹೀಗಾಗಿರುವುದು ಕೆಲವೇ ಕಡೆ. ಕೆಳಗಿನ ಶಿಲೆ ಮೊದಲೇ ಬಿಗಿದು ನಿಂತಿದ್ದರೆ ಮಾತ್ರ ನೀರು ತನ್ನ ಕೆಲಸ ಮಾಡುತ್ತದೆ.

ಸದ್ದು ಎಲ್ಲಿಂದ ಬರುತ್ತದೆ?

ಭೂಕಂಪದಿಂದ ಮುಖ್ಯವಾಗಿ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಗಟ್ಟಿ ಶಿಲೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರು ವೇಗದಲ್ಲಿ ಓಡುತ್ತದೆ. ಅದು ಸದ್ದಿನಂತೆ ನೂಕುತ್ತಾ ಎಳೆಯುತ್ತಾ ಸಾಗುವ ಅಲೆ. ಎರಡನೆಯದು ಅಡ್ಡಡ್ಡಲಾಗಿ ಅಲುಗಿಸುವ ಅಲೆ, ವೇಗ ಸುಮಾರು ಮೂರೂವರೆ ಕಿಲೋಮೀಟರು. ಮನೆಯನ್ನು ಹೆಚ್ಚು ಅಲುಗಿಸುವುದು ಈ ಎರಡನೆಯದೇ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲಿನ ದೂರ ತಿಳಿಯುವಂತೆ, ಈ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನು ಸುಮಾರು 8ರಿಂದ ಗುಣಿಸಿದರೆ ಭೂಕಂಪದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಮೂರು ಬೇರೆ ಬೇರೆ ಊರುಗಳಿಂದ ಹೀಗೆ ದೂರ ತಿಳಿದು ನಕಾಶೆಯ ಮೇಲೆ ಮೂರು ವೃತ್ತ ಎಳೆದರೆ, ಅವು ಕೂಡುವ ಜಾಗವೇ ಭೂಕಂಪದ ಸ್ಥಳ. ಕೈವಾರ ಹಿಡಿಯಬಲ್ಲ ವಿದ್ಯಾರ್ಥಿ ಇದನ್ನು ಮಾಡಬಲ್ಲ.

ಗಡಿಕೇಶ್ವಾರದಂಥಲ್ಲಿ ಸದ್ದು ಮತ್ತು ನಡುಕ ಒಟ್ಟೊಟ್ಟಿಗೆ ಬರುತ್ತವೆ. ಅದರ ಅರ್ಥ, ಕಂಪನದ ಮೂಲ ಬಹಳ ಹತ್ತಿರ, ಬಹಳ ಆಳವಿಲ್ಲದ ಕಡೆ ಇದೆ ಎಂದು. ಗಟ್ಟಿ ಶಿಲೆ ವೇಗದ ಕಂಪನಗಳನ್ನು ನುಂಗದೆ ಮೇಲಕ್ಕೆ ತಲುಪಿಸುತ್ತದೆ, ಅವು ನೆಲದಿಂದ ಗಾಳಿಗೆ ದಾಟಿದಾಗ ನಮ್ಮ ಕಿವಿಗೆ ಗುಡುಗಿನಂತೆ ಕೇಳುತ್ತದೆ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬೋರಬಂಡ ಬಡಾವಣೆಯ ಜನ ಇಂಥದೇ ಸದ್ದಿಗೆ ಹೆದರಿ ರಾತ್ರಿ ಬೀದಿಗೆ ಬಂದಿದ್ದರು. ಆ ಕಂಪನಗಳ ಪ್ರಮಾಣ ಎರಡನ್ನೂ ಮುಟ್ಟಿರಲಿಲ್ಲ. ಸದ್ದು ದೊಡ್ಡದಾದ ಮಾತ್ರಕ್ಕೆ ಭೂಕಂಪ ದೊಡ್ಡದಲ್ಲ ಎಂಬುದನ್ನು ಇದರಿಂದ ತಿಳಿಯಬಹುದು.

"ಶಕ್ತಿ ಸೋರಿಹೋಯಿತು" ಎಂಬ ಮಾತು

ಈಗ ಕಟ್ಟೆಯ ಮೇಲಿನ ಎರಡನೆಯ ಮಾತನ್ನು ಪರೀಕ್ಷಿಸೋಣ. ಇದಕ್ಕೆ ಪ್ರೌಢಶಾಲೆಯ ಗಣಿತವೇ ಸಾಕು. ಭೂಕಂಪದ ಪ್ರಮಾಣ ಒಂದು ಅಂಕಿ ಹೆಚ್ಚಿದರೆ ಅದರಿಂದ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಎರಡು ಅಂಕಿ ಹೆಚ್ಚಿದರೆ ಸಾವಿರ ಪಟ್ಟು. ಹಾಗಾದರೆ 6.2 ಪ್ರಮಾಣದ ಒಂದು ಭೂಕಂಪದ ಶಕ್ತಿ ಸೋರಿಹೋಗಬೇಕಾದರೆ ಗಡಿಕೇಶ್ವಾರದ 4.1ರಂಥ ಕಂಪನಗಳು ಎಷ್ಟು ಬೇಕು? ಸುಮಾರು 1400. ದಿನಕ್ಕೊಂದರಂತೆ ಬಂದರೂ ಹೆಚ್ಚುಕಡಿಮೆ ನಾಲ್ಕು ವರ್ಷ! 3 ಪ್ರಮಾಣದ ಕಂಪನಗಳಾದರೆ 60 ಸಾವಿರಕ್ಕೂ ಮೀರಿ ಬೇಕು. 2 ಪ್ರಮಾಣದವಾದರೆ ಸುಮಾರು 20 ಲಕ್ಷ. ಕೆರೆಯ ನೀರನ್ನು ಚಮಚದಿಂದ ತೋಡಿದಂತಾಯಿತು. ಸಣ್ಣ ಕಂಪನಗಳು ದೊಡ್ಡದನ್ನು ತಪ್ಪಿಸುತ್ತವೆ ಎಂಬ ಸಮಾಧಾನಕ್ಕೆ ಲೆಕ್ಕದ ಆಧಾರವಿಲ್ಲ.

ಈ ಸುಳ್ಳು ಸಮಾಧಾನ ಎಷ್ಟು ದುಬಾರಿ ಎಂಬುದಕ್ಕೆ ಇಟಲಿಯ ಲಾಕ್ವಿಲಾ ಪಟ್ಟಣ ನಿದರ್ಶನ. 2009ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಕಂಪನಗಳ ಹಿಂಡು ಬಂದಿತ್ತು. ಶಕ್ತಿ ಹೊರಬೀಳುತ್ತಿರುವುದರಿಂದ ಅಪಾಯವಿಲ್ಲ ಎಂದು ಒಬ್ಬ ಅಧಿಕಾರಿ ದೂರದರ್ಶನದ ಸಂದರ್ಶನದಲ್ಲಿ ಜನರಿಗೆ ಧೈರ್ಯ ಹೇಳಿದರು. ಒಂದು ವಾರದೊಳಗೆ, ಏಪ್ರಿಲ್ 6ರ ನಸುಕಿನಲ್ಲಿ, ಸುಮಾರು 6.3 ಪ್ರಮಾಣದ ಭೂಕಂಪವಾಗಿ 300ಕ್ಕೂ ಹೆಚ್ಚು ಜನ ಸತ್ತರು.

"ಊರು ಬಿಡಿ" ಎಂಬ ಮಾತು

ಹಾಗಾದರೆ ಮೊದಲನೆಯ ಮಾತೇ ನಿಜವೇ? ಅದೂ ಅಲ್ಲ. ಬಹುಪಾಲು ಹಿಂಡುಗಳು ಬಂದಂತೆಯೇ ಅಡಗಿಹೋಗುತ್ತವೆ. ಬೋರಬಂಡದಲ್ಲಿ ಹಾಗಾಯಿತು. ಗಡಿಕೇಶ್ವಾರದ 2021ರ ಕಂಪನಗಳ ಬೆನ್ನಿಗೂ ದೊಡ್ಡ ಭೂಕಂಪ ಬರಲಿಲ್ಲ. ಆಗ ಹೇಳಿದ ಮರುಭೂಮಿಯ ಕಥೆಗೆ ಮತ್ತೆ ಬರೋಣ. 2016ರ ಸೆಪ್ಟೆಂಬರ್ ಕೊನೆಯಲ್ಲಿ ಸಾಲ್ಟನ್ ಸರೋವರದ ತಳದಲ್ಲಿ ಕಂಪನಗಳ ಹಿಂಡು ಬಂತು. ದೊಡ್ಡದರ ಪ್ರಮಾಣ 4.3. ಪಕ್ಕದಲ್ಲೇ ಸ್ಯಾನ್ ಆಂಡ್ರಿಯಾಸ್ ಎಂಬ ಭಾರೀ ಸ್ತರಭಂಗ. ಆಗ ಅಲ್ಲಿಯ ವಿಜ್ಞಾನಿಗಳು ಬರುತ್ತದೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಮುಂದಿನ ಏಳು ದಿನಗಳಲ್ಲಿ 7 ಅಥವಾ ಅದಕ್ಕೂ ದೊಡ್ಡ ಭೂಕಂಪ ಬರುವ ಸಂಭವ ಹೆಚ್ಚೆಂದರೆ ನೂರಕ್ಕೆ ಒಂದು ಎಂದರು. ಮಾಮೂಲಿ ವಾರದಲ್ಲಿ ಅದೇ ಸಂಭವ ಆರು ಸಾವಿರಕ್ಕೆ ಒಂದು. ಎಂದರೆ, ಮೊದಲಿಗಿಂತ ಹೆಚ್ಚು, ಆದರೂ ಬಾರದೆ ಇರುವ ಸಂಭವವೇ ಬಹಳ ದೊಡ್ಡದು. ಕೊನೆಗೆ ದೊಡ್ಡದು ಬರಲಿಲ್ಲ.

ಇಂಥ ದಿನ, ಇಂಥ ಗಂಟೆಗೆ ಭೂಕಂಪವಾಗುತ್ತದೆ ಎಂದು ಹೇಳುವ ವಿದ್ಯೆ ಇಂದಿಗೂ ಯಾವ ದೇಶದಲ್ಲಿಯೂ ಇಲ್ಲ. ಆದ್ದರಿಂದ ಮೊಬೈಲಿನಲ್ಲಿ "ಇವತ್ತು ರಾತ್ರಿ ಎರಡು ಗಂಟೆಗೆ ಭೂಕಂಪ" ಎಂದು ಸುದ್ದಿ ಬಂದರೆ, ಯಾರ ಹೆಸರು ಹಾಕಿದ್ದರೂ ಅದು ಸುಳ್ಳೆಂದೇ ತಿಳಿದು ಅಲ್ಲಿಗೇ ನಿಲ್ಲಿಸಬೇಕು.

ಕಿಲ್ಲಾರಿಯ ಪಾಠ

ಎಲ್ಲಕ್ಕಿಂತ ಹೆಚ್ಚಾಗಿ ನಾವು ಕಲಿಯಬೇಕಾದ ಪಾಠ ಕಿಲ್ಲಾರಿಯದು. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಈ ಊರು ಕಲಬುರಗಿ, ಬೀದರ್ ಜಿಲ್ಲೆಗಳ ಗಡಿಗೆ ಹತ್ತಿರದ್ದು. ಒಂದು ಕಾಲಕ್ಕೆ ಆ ಸೀಮೆಯೂ ನಮ್ಮ ಸೀಮೆಯೂ ಒಂದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ 1992ರಲ್ಲಿ ಸಣ್ಣ ಕಂಪನಗಳ ಹಿಂಡು ಬಂತು. ಅಕ್ಟೋಬರಿನಲ್ಲಿ ಬಂದ ಒಂದು ನಾಲ್ಕರ ಆಸುಪಾಸಿನದು. ಜನ ಹೆದರಿದರು. ನಂತರ ಕಂಪನಗಳು ಕಡಿಮೆಯಾದವು. ತಿಂಗಳುಗಳು ಕಳೆದವು, ಮತ್ತೊಂದು ಮಳೆಗಾಲ ಬಂತು. 1993ರ ಸೆಪ್ಟೆಂಬರ್ 30ರಂದು, ಗಣಪತಿ ವಿಸರ್ಜನೆಯ ಸಡಗರ ಮುಗಿಸಿ ಜನ ಗಾಢ ನಿದ್ರೆಯಲ್ಲಿದ್ದಾಗ, ಬೆಳಗಿನ ಜಾವ ನಾಲ್ಕಕ್ಕೆ ನಾಲ್ಕು ನಿಮಿಷವಿರುವಾಗ 6.2 ಪ್ರಮಾಣದ ಭೂಕಂಪ ಬಡಿಯಿತು. ಲಾತೂರು ಮತ್ತು ಅಂದಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸರ್ಕಾರಿ ಲೆಕ್ಕದಂತೆಯೇ ಸುಮಾರು 8 ಸಾವಿರ ಜನ ಸತ್ತರು. ಅಂದಿನ ನಕಾಶೆಯಲ್ಲಿ ಆ ಪ್ರದೇಶವನ್ನು ದೇಶದಲ್ಲೇ ಅತಿ ಕಡಿಮೆ ಅಪಾಯದ ವಲಯದಲ್ಲಿ ತೋರಿಸಿತ್ತು ಎಂಬುದನ್ನು ನೆನಪಿಡಬೇಕು.

ಇದೇ ಪ್ರಮಾಣದ ಭೂಕಂಪ ಜಪಾನಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಆಗಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮನೆಯ ಗೋಡೆ ಮತ್ತು ಮಾಳಿಗೆ. ಎರಡು ಅಡಿಗೂ ಮೀರಿದ ದಪ್ಪದ, ಮಣ್ಣಿನಿಂದ ಕಟ್ಟಿದ ಗುಂಡುಗಲ್ಲಿನ ಗೋಡೆಗಳು. ಜಂತಿಗಳ ಮೇಲೆ ಅಡಿಗಟ್ಟಲೆ ಮಣ್ಣು. ಇಂಥ ಗೋಡೆ ನೋಡಲು ಕೋಟೆಯಂತಿದ್ದರೂ ನಿಜದಲ್ಲಿ ಅದು ಒಳಗೊಂದು ಹೊರಗೊಂದು, ಹೀಗೆ ಎರಡು ಪದರ. ನಡುವೆ ಚೂರುಗಲ್ಲು, ಮಣ್ಣು. ಅಲುಗಿದೊಡನೆ ಎರಡು ಪದರಗಳೂ ಬೇರೆಯಾಗಿ ಉಬ್ಬಿ ಬೀಳುತ್ತವೆ. ಮೇಲಿನ ಮಣ್ಣು ಮಲಗಿದವರ ಮೇಲೆ ಕುಸಿಯುತ್ತದೆ.

ಓದುಗರೇ, ಇಂಥ ಮನೆಗಳು ನಮ್ಮ ಊರುಗಳಲ್ಲಿ ಇಲ್ಲವೇ? ಬೇಸಿಗೆಯಲ್ಲಿ ತಂಪಾಗಿರುತ್ತದೆ ಎಂದು ನಾವೇ ಹೊಗಳುವ ಕಲ್ಲು-ಮಣ್ಣಿನ ಮಾಳಿಗೆ ಮನೆಗಳು ಅವೇ ಅಲ್ಲವೇ? ನಮ್ಮ ಭಾಗ 2002ರ ಭೂಕಂಪ ನಕಾಶೆಯಲ್ಲಿ ಎರಡನೆಯ ವಲಯದಲ್ಲಿ, ಅಂದರೆ ಕಡಿಮೆ ಅಪಾಯದ ವಲಯದಲ್ಲಿ ಇದ್ದದ್ದು ನಿಜ. ಅದರಿಂದ ಹೆದರಿಕೆ ಬೇಕಿಲ್ಲ. ಆದರೆ ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ನಮ್ಮ ತೆಲಂಗಾಣದ ಭದ್ರಾಚಲಂ ಬಳಿ 1969ರ ಏಪ್ರಿಲ್ 13ರಂದು 5.7 ಪ್ರಮಾಣದ ಭೂಕಂಪವಾಯಿತು. 2024ರ ಡಿಸೆಂಬರ್ 4ರ ಬೆಳಿಗ್ಗೆ ಮುಲುಗು ಜಿಲ್ಲೆಯಲ್ಲಿ 5.3ರ ಕಂಪನವಾಗಿ ಹೈದರಾಬಾದಿನವರೆಗೂ ಅನುಭವಕ್ಕೆ ಬಂತು.

ನಮ್ಮ ಕೈಯಲ್ಲಿರುವುದು

ಇಲ್ಲಿಗೆ ಮೂರನೆಯ ಮಾತಿಗೆ ಉತ್ತರ ಸಿಕ್ಕಿತು. ನೆಲದ ಕೆಳಗಿನದು ನಮ್ಮ ಕೈಯಲ್ಲಿಲ್ಲ. ನೆಲದ ಮೇಲಿನದು ನಮ್ಮ ಕೈಯಲ್ಲಿದೆ. ಕಂಪನಗಳ ಹಿಂಡು ಬಂದಾಗ ಅದನ್ನು ಶಾಪವೆಂದೂ ವರವೆಂದೂ ತಿಳಿಯದೆ, ಮನೆಯ ಗೋಡೆಯನ್ನು ಒಮ್ಮೆ ನೋಡಿಕೊಳ್ಳಲು ಬಂದ ನೆನಪೋಲೆ ಎಂದು ತಿಳಿಯುವುದು ಲೇಸು.

ಪಾಲಕರು ಮಾಡಬಹುದಾದದ್ದು ಹಲವಿದೆ. ಮಾಳಿಗೆ ಸೋರಿತೆಂದು ವರ್ಷ ವರ್ಷವೂ ಮೇಲೆ ಮಣ್ಣು ಹಾಕುತ್ತಾ ಹೋಗಬಾರದು. ಹಳೆಯ ಮಣ್ಣನ್ನು ತೆಗೆದು ಭಾರ ಇಳಿಸಿ, ನಂತರ ಸೋರುವಲ್ಲಿ ದುರಸ್ತಿ ಮಾಡಿಸಬೇಕು. ಗೋಡೆ ಉಬ್ಬಿದ್ದರೆ, ಮೂಲೆಯಲ್ಲಿ ಬಿರುಕಿದ್ದರೆ ಅದರ ಕೆಳಗೆ ಮಕ್ಕಳನ್ನೂ ಮುದುಕರನ್ನೂ ಮಲಗಿಸಬಾರದು. ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಬಿರುಕು ಗೆರೆ ದಾಟಿದರೆ ತಡಮಾಡದೆ ತಿಳಿದವರಿಗೆ ತೋರಿಸಿ. ತಲೆಯ ಮೇಲಿನ ಹಲಗೆಯಲ್ಲಿಟ್ಟ ಭಾರದ ಪಾತ್ರೆ, ಪೆಟ್ಟಿಗೆಗಳನ್ನು ಕೆಳಗಿಳಿಸಿ.

ಹೊಸ ಮನೆ ಕಟ್ಟುವವರು ಎರಡು ಮಾತು ನೆನಪಿಡಬೇಕು. ಕಲ್ಲಿನ ಗೋಡೆಯಾದರೆ ಅಲ್ಲಲ್ಲಿ ಒಳಮೈಯಿಂದ ಹೊರಮೈವರೆಗೆ ಹಾಯುವ ಉದ್ದ ಕಲ್ಲುಗಳನ್ನು ಇಡಿಸಬೇಕು. ಅವು ಎರಡು ಪದರಗಳನ್ನು ಹಿಡಿದಿಡುತ್ತವೆ. ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಪಟ್ಟಿ ಎಲ್ಲಾ ಗೋಡೆಗಳನ್ನೂ ಎಡೆಬಿಡದೆ ಸುತ್ತಿ ಬರಬೇಕು. ಬಂಡಿಯ ಗಾಲಿಗೆ ಕಮ್ಮಾರ ಕೂಡಿಸುವ ಕಬ್ಬಿಣದ ಪಟ್ಟಿ ಮರದ ತುಂಡುಗಳನ್ನು ಬಿಡದಂತೆ ಹಿಡಿಯುವ ಹಾಗೆ, ಈ ಪಟ್ಟಿ ನಾಲ್ಕು ಗೋಡೆಗಳನ್ನೂ ಒಂದಾಗಿ ಹಿಡಿಯುತ್ತದೆ. ಇದಕ್ಕೆ ಬೀಳುವ ಖರ್ಚು ಮನೆಯ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು.

ಇನ್ನು ವಿದ್ಯಾರ್ಥಿಗಳು. ತರಗತಿಯಲ್ಲಿದ್ದಾಗ ನೆಲ ನಡುಗಿದರೆ ಬಾಗಿಲಿಗೆ ಮುಗಿಬೀಳಬಾರದು; ನೂಕುನುಗ್ಗಲಿನಿಂದಲೇ ಅನಾಹುತವಾದೀತು. ಗಟ್ಟಿಯಾದ ಬೆಂಚು ಅಥವಾ ಮೇಜಿನ ಅಡಿ ಕುಳಿತು, ತಲೆ ಮತ್ತು ಕತ್ತನ್ನು ಕೈಗಳಿಂದ ಮುಚ್ಚಿ, ಅಲುಗಾಟ ನಿಂತ ಮೇಲೆ ಗುರುಗಳು ಹೇಳಿದಂತೆ ಸಾಲಾಗಿ ಬಯಲಿಗೆ ಬನ್ನಿ. ಹಳೆಯ ಮಾಳಿಗೆ ಮನೆಯಲ್ಲಿ ಬಾಗಿಲ ಹತ್ತಿರವೇ ಇದ್ದರೆ ಮಾತ್ರ ಕೂಡಲೇ ಹೊರಗೆ ಬಯಲಿಗೆ ಹೋಗುವುದು ಮೇಲು. ಹೊಲದಲ್ಲಿದ್ದರೆ ಹೊಲದಲ್ಲೇ ಇರಿ. ಗೋಡೆ, ವಿದ್ಯುತ್ ಕಂಬ, ಮರಗಳಿಂದ ದೂರವಿರಿ.

ಇನ್ನೊಂದು ಕೆಲಸ ನಿಮ್ಮಿಂದಲೇ ಆಗಬೇಕಾದದ್ದು. ಎಂದಾದರೂ ನಡುಕ ಅನುಭವಕ್ಕೆ ಬಂದರೆ ಒಂದು ನೋಟುಬುಕ್ಕಿನಲ್ಲಿ ತಾರೀಖು, ಗಂಟೆ, ನಿಮಿಷ, ಎಷ್ಟು ಸೆಕೆಂಡು ಅಲುಗಿತು, ಸದ್ದು ಮೊದಲೋ ನಡುಕ ಮೊದಲೋ, ಪಾತ್ರೆ ಸದ್ದಾಯಿತೋ ಗೋಡೆ ಬಿರಿಯಿತೋ ಎಂಬುದನ್ನು ಕಂಡಷ್ಟೇ, ಕೂಡಿಸದೆ ಕಳೆಯದೆ ಬರೆಯಿರಿ. ಹೈದರಾಬಾದಿನಲ್ಲಿ 1961ರಿಂದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಇದೆ. ಕರ್ನಾಟಕದ ಗೌರಿಬಿದನೂರಿನಲ್ಲಿ 1965ರಲ್ಲಿ ಭೂಕಂಪನ ಅಳೆಯುವ ಕೇಂದ್ರವಾಯಿತು. ಅಲ್ಲಿಯ ಯಂತ್ರಗಳು ಮನುಷ್ಯರಿಗೆ ತಿಳಿಯದ ನಡುಕವನ್ನೂ ದಾಖಲಿಸುತ್ತವೆ. ಆದರೆ ಯಾವ ಊರಿನ ಯಾವ ಗೋಡೆ ಬಿರಿಯಿತೆಂದು ಯಂತ್ರ ಹೇಳಲಾರದು. ಅದನ್ನು ಹೇಳಬೇಕಾದವರು ಆ ಊರಿನವರೇ.

ಆದಿಶೇಷ ಹೆಡೆ ಅಲುಗಿಸಿದ್ದಕ್ಕೆ ಭೂಮಿ ನಡುಗಿತು ಎಂದು ಅಜ್ಜಿಯರು ಕಥೆ ಹೇಳುತ್ತಿದ್ದರು. ಆ ಕಥೆಯಲ್ಲಿ ಒಂದು ಸತ್ಯವಿದೆ: ನಾವು ಅಚಲವೆಂದು ನಂಬಿದ್ದರ ಕೆಳಗೆ ಚಲಿಸುವುದೊಂದಿದೆ. ಅದು ಯಾವಾಗ ಅಲುಗುತ್ತದೆಂದು ಕಾಯುತ್ತಾ ಕೂರುವುದು ಜಾಣತನವಲ್ಲ. ಈ ಲೇಖನ ಓದಿ ಮುಗಿಸಿದ ಮೇಲೆ, ತಂದೆ ತಾಯಿಯರೊಂದಿಗೆ ಮನೆಯ ಸುತ್ತ ಒಂದು ಸಲ ನಡೆದು, ನಾಲ್ಕು ಮೂಲೆಗಳನ್ನೂ ಮೇಲಿನ ಜಂತಿಗಳನ್ನೂ ಕಣ್ಣಿಟ್ಟು ನೋಡಿರಿ. ಅಷ್ಟಾದರೆ ಇದನ್ನು ಬರೆದದ್ದು ಸಾರ್ಥಕ.